ರೋಗಿಯ ಮಾತು, ವೈದ್ಯನ ಕಿವಿ



ನಾವು ವೈದ್ಯರಲ್ಲ, ಕಾಲೇಜಿನಲ್ಲಿ ಸಾಹಿತ್ಯವನ್ನು ಪಾಠಹೇಳಿ ಜೀವಿಸತಕ್ಕವರು. ಹೀಗಿರುವಾಗ ವೈದ್ಯರನ್ನು ಕುರಿತು ಮಾತನಾಡುವುದಕ್ಕೆ ನಮಗೇನು ಅಧಿಕಾರವೆಂದು ನಿಮ್ಮಲ್ಲಿ ಯಾರಾದರೂ ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ. ನಮಗಿರುವ ಅಧಿಕಾರ ಒಂದೇ. ನಾವು ರೋಗಿಗಳಾಗಿದ್ದೇವೆ, ರೋಗಿಗಳ ಪಕ್ಕದಲ್ಲಿ ಕುಳಿತಿದ್ದೇವೆ, ಮುಂದೆಯೂ ಆಗಬೇಕಾಗಿದೆ, ಕುಳಿತುಕೊಳ್ಳಬೇಕಾಗಿದೆ. ಈ ಅಧಿಕಾರ ನಿಮಗೂ ಉಂಟು. ವೈದ್ಯರಿಗೂ ಉಂಟು, ಅವರು ಅದನ್ನು ಒಮ್ಮೊಮ್ಮೆ ಮರೆತರೂ.

ಇನ್ನೊಂದು ಮಾತನ್ನೂ ಮೊದಲಿಗೇ ಹೇಳಿಬಿಡುತ್ತೇವೆ. ನಾವೀಗ ಒಂದು ಯಂತ್ರದ ಮುಂದೆ ಕುಳಿತು ಮಾತನಾಡುತ್ತಿದ್ದೇವೆ. ನಿಮ್ಮ ಮುಖ ನಮಗೆ ಕಾಣುವುದಿಲ್ಲ. ನೀವು ಹುಬ್ಬುಗಂಟಿಕ್ಕಿದರೂ ತಿಳಿಯದು, ಆಕಳಿಸಿದರೂ ತಿಳಿಯದು. ನಡುವೆ ಎದ್ದು ಹೋಗಿ ಕಾಫಿ ಕುಡಿದು ಬಂದರೂ ನಮ್ಮ ಮಾತು ತನ್ನಷ್ಟಕ್ಕೆ ಹರಿಯುತ್ತಲೇ ಇರುತ್ತದೆ. ರೇಡಿಯೋದ ಭಾಷಣಕಾರನಿಗೆ ಇದು ವಿಧಿಯಿಲ್ಲದೆ ಬಂದ ಸ್ಥಿತಿ. ಆದರೆ ಎದುರಿಗೆ, ಒಂದು ಮೇಜಿನಷ್ಟು ದೂರದಲ್ಲಿ ಕುಳಿತಿರುವ ಮನುಷ್ಯನೊಡನೆ ಹೀಗೆ ಮಾತನಾಡುವ ವೈದ್ಯರನ್ನು ನಾವು ಬಲ್ಲೆವು. ಹೀಗೆಯೇ ಪಾಠಹೇಳುವ ಉಪಾಧ್ಯಾಯರನ್ನೂ ಬಲ್ಲೆವು. ಅವರಲ್ಲಿ ನಾವೂ ಒಬ್ಬರೋ ಏನೋ.

ನಮ್ಮ ದೇಶದ ಹಳೆಯ ವೈದ್ಯಗ್ರಂಥವಾದ ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳಿದೆ: ವೈದ್ಯ, ಔಷಧ, ಪರಿಚಾರಕ, ರೋಗಿ. ಒಂದೊಂದು ಪಾದಕ್ಕೂ ನಾಲ್ಕು ನಾಲ್ಕು ಗುಣಗಳು. ವೈದ್ಯನಿಗೆ ಶಾಸ್ತ್ರಜ್ಞಾನ, ಅನುಭವ, ದಕ್ಷತೆ, ಶುಚಿತ್ವ ಇರಬೇಕೆಂದರೆ ಯಾರಿಗೂ ಆಶ್ಚರ್ಯವಾಗದು. ಆಶ್ಚರ್ಯವಾಗುವುದು ರೋಗಿಗೂ ನಾಲ್ಕು ಗುಣಗಳಿರಬೇಕೆಂದು ಅಲ್ಲಿ ಹೇಳಿರುವುದು. ಅವು ಸ್ಮೃತಿ, ನಿರ್ದೇಶಕಾರಿತ್ವ, ಅಭೀರುತ್ವ ಮತ್ತು ಜ್ಞಾಪಕತ್ವ. ನಡೆದದ್ದು ನೆನಪಿರಬೇಕು, ಹೇಳಿದಂತೆ ನಡೆಯಬೇಕು, ಅಂಜುಬುರುಕನಾಗಿರಬಾರದು. ನಾಲ್ಕನೆಯದಾದ ಜ್ಞಾಪಕತ್ವವೆಂದರೇನು? ಕನ್ನಡದಲ್ಲಿ ನಾವು ಜ್ಞಾಪಕವೆಂದರೆ ನೆನಪೆಂದೇ ತಿಳಿಯುತ್ತೇವೆ. ಆದರೆ ನೆನಪು ಸ್ಮೃತಿ ಎಂಬ ಹೆಸರಿನಲ್ಲಿ ಮೊದಲೇ ಬಂದಿದೆ. ಇಲ್ಲಿ ಜ್ಞಾಪಕತ್ವವೆಂದರೆ ತಿಳಿಯಪಡಿಸುವ ಶಕ್ತಿ. ತನ್ನ ಶರೀರದೊಳಗೆ ಆಗುತ್ತಿರುವುದನ್ನು ಇನ್ನೊಬ್ಬನಿಗೆ ತಿಳಿಯುವಂತೆ ಹೇಳಬಲ್ಲ ಸಾಮರ್ಥ್ಯ. ಗಿಡಮೂಲಿಕೆಗಳನ್ನು ಲೆಕ್ಕವಿಟ್ಟ ಆ ಜನ ರೋಗಿಯ ಮಾತನ್ನೂ ಚಿಕಿತ್ಸೆಯ ಸಾಮಗ್ರಿಯಲ್ಲಿ ಸೇರಿಸಿದ್ದರು.

ಇದು ಪುರಾತನರ ಸೌಜನ್ಯವೆಂದು ತಳ್ಳಿಹಾಕುವ ಹಾಗಿಲ್ಲ. 1975ರಲ್ಲಿ ಇಂಗ್ಲೆಂಡಿನ ಕೆಲವು ವೈದ್ಯರು ತಮ್ಮ ಹೊರರೋಗಿಗಳ ವಿಭಾಗಕ್ಕೆ ಹೊಸದಾಗಿ ಬಂದ 80 ರೋಗಿಗಳನ್ನು ಕ್ರಮವಾಗಿ ಗಮನಿಸಿ ಒಂದು ಲೇಖನವನ್ನು ಪ್ರಕಟಿಸಿದರು. ರೋಗಿಯ ಕಥೆಯನ್ನು ಕೇಳಿ, ಅವನನ್ನು ಕಳುಹಿಸಿದ ವೈದ್ಯರ ಕಾಗದವನ್ನು ಓದಿದಾಗಲೇ ತಾವು ಊಹಿಸಿದ ರೋಗವೇ 66 ಮಂದಿಯಲ್ಲಿ ಕೊನೆಗೂ ಸರಿಯೆಂದು ನಿಂತಿತೆಂದು ಅವರು ಕಂಡರು. ದೇಹಪರೀಕ್ಷೆ ನಿರ್ಣಯಕ್ಕೆ ನೆರವಾದದ್ದು 7 ಮಂದಿಯಲ್ಲಿ. ಪ್ರಯೋಗಶಾಲೆಯ ಪರೀಕ್ಷೆಗಳು ನೆರವಾದದ್ದು ಇನ್ನು 7 ಮಂದಿಯಲ್ಲಿ. ಅಂದಿನಿಂದ ಯಂತ್ರಗಳು ಬಹಳ ಮುಂದುವರಿದಿವೆ, ನಿಜ. ಆದರೂ ಯಾವ ಯಂತ್ರದೊಳಕ್ಕೆ ರೋಗಿಯನ್ನು ಕಳುಹಿಸಬೇಕೆಂಬುದನ್ನು ತಿಳಿಯಬೇಕಾದರೆ ಮೊದಲು ಅವನ ಮಾತನ್ನೇ ಕೇಳಬೇಕಷ್ಟೆ.

ಕೇಳುತ್ತಾರೆಯೇ? 1984ರಲ್ಲಿ ಅಮೆರಿಕದ ಇಬ್ಬರು ಸಂಶೋಧಕರು ಇದನ್ನು ಗಡಿಯಾರ ಹಿಡಿದು ಅಳೆದರು. ಅವರು ನೋಡಿದ 74 ಭೇಟಿಗಳಲ್ಲಿ ರೋಗಿಯು ತಾನು ಬಂದ ಕಾರಣವನ್ನು ಕೊನೆಯವರೆಗೂ ಹೇಳಿ ಮುಗಿಸಿದ್ದು 17ರಲ್ಲಿ ಮಾತ್ರ. ಉಳಿದ ಕಡೆ ವೈದ್ಯರು ಸರಾಸರಿ 18 ಸೆಕೆಂಡುಗಳಲ್ಲಿ ನಡುವೆ ಬಾಯಿಹಾಕಿದ್ದರು. ಬಿಟ್ಟರೆ ರೋಗಿ ದಿನವೆಲ್ಲ ಮಾತನಾಡುತ್ತಾನೆಂಬ ಭಯ ವೈದ್ಯರಿಗೆ. ಆ ಭಯಕ್ಕೆ ಆಧಾರವೆಷ್ಟೆಂಬುದನ್ನು ಸ್ವಿಟ್ಸರ್ಲೆಂಡಿನ ಬಾಸೆಲ್ ನಗರದ ವೈದ್ಯರು ಪರೀಕ್ಷಿಸಿ 2002ರಲ್ಲಿ ಪ್ರಕಟಿಸಿದರು. 335 ರೋಗಿಗಳನ್ನು ಯಾವ ಅಡ್ಡಿಯೂ ಇಲ್ಲದೆ ಮಾತನಾಡಲು ಬಿಟ್ಟರು. ಅವರು ತಾವಾಗಿಯೇ ಮಾತು ನಿಲ್ಲಿಸಿದ್ದು ಸರಾಸರಿ 92 ಸೆಕೆಂಡುಗಳಿಗೆ. ಒಂದೂವರೆ ನಿಮಿಷ! ನಮ್ಮ ಮನೆಗಳಲ್ಲಿ ಹಾಲು ಉಕ್ಕುವುದಕ್ಕೆ ಅದಕ್ಕಿಂತ ಹೆಚ್ಚು ಹೊತ್ತು ಹಿಡಿಯುತ್ತದೆ.

ಆದರೆ ಇಲ್ಲಿ ವೈದ್ಯರ ಕಡೆಯ ನ್ಯಾಯವನ್ನೂ ಹೇಳದಿದ್ದರೆ ತಪ್ಪಾದೀತು. 67 ದೇಶಗಳಲ್ಲಿ ವೈದ್ಯರು ಒಬ್ಬ ರೋಗಿಗೆ ಕೊಡುವ ಕಾಲವನ್ನು ಒಟ್ಟುಗೂಡಿಸಿ ನೋಡಿದ ಒಂದು ವರದಿ 2017ರಲ್ಲಿ ಹೊರಬಂದಿತು. ಸ್ವೀಡನ್ ದೇಶದಲ್ಲಿ ಅದು 22.5 ನಿಮಿಷ, ಬಾಂಗ್ಲಾದೇಶದಲ್ಲಿ 48 ಸೆಕೆಂಡು, ನಮ್ಮ ದೇಶದಲ್ಲಿ ಸುಮಾರು 2 ನಿಮಿಷ. ದೊಡ್ಡ ಸರ್ಕಾರಿ ಆಸ್ಪತ್ರೆಯ ಹೊರರೋಗಿಗಳ ವಿಭಾಗದಲ್ಲಿ ಬೆಳಗ್ಗೆ ಒಂಬತ್ತು ಗಂಟೆಗೆ ನಿಂತು ಆ ಸಾಲನ್ನು ಒಮ್ಮೆ ನೋಡಿದವರು ವೈದ್ಯನನ್ನು ಸುಲಭವಾಗಿ ಬೈಯಲಾರರು. ಮಧ್ಯಾಹ್ನದೊಳಗೆ ಆ ಸಾಲು ಕರಗಬೇಕು. ಕರಗದಿದ್ದರೆ ಸಾಲಿನ ಕೊನೆಯಲ್ಲಿ, ಮಗುವನ್ನು ಸೊಂಟದ ಮೇಲೆ ಹೊತ್ತು ನಿಂತಿರುವ ತಾಯಿಗೆ ಯಾರು ಉತ್ತರ ಹೇಳಬೇಕು? ಹೀಗಾಗಿ ಅಲ್ಲಿ ಕಾಲವಿಲ್ಲದಿರುವುದು ವೈದ್ಯನೊಬ್ಬನ ದೋಷವಾಗಲಾರದು. ಆದರೆ ಸಾವಿರ ರೂಪಾಯಿ ಶುಲ್ಕವನ್ನಿಟ್ಟು, ಗಾಜಿನ ಬಾಗಿಲಿನ ಕೋಣೆಯಲ್ಲಿ ಕುಳಿತವರಲ್ಲಿಯೂ ಅದೇ ಅವಸರವಿದ್ದರೆ, ಅದಕ್ಕೆ ಬೇರೆ ಕಾರಣವನ್ನು ಹುಡುಕಬೇಕಾಗುತ್ತದೆ.

ಕಾಲದಷ್ಟೇ ದೊಡ್ಡ ಅಡ್ಡಿ ಭಾಷೆಯದು. ಇದು ನಮ್ಮ ಕಸಬಿಗೆ ಹತ್ತಿರವಾದದ್ದರಿಂದ ಇಲ್ಲಿ ಸ್ವಲ್ಪ ನಿಲ್ಲುತ್ತೇವೆ. ನಮ್ಮ ವೈದ್ಯರು ಐದೂವರೆ ವರ್ಷ ಇಂಗ್ಲಿಷಿನಲ್ಲಿ ರೋಗಗಳನ್ನು ಕಲಿಯುತ್ತಾರೆ. ರೋಗ ಮಾತ್ರ ಕನ್ನಡದಲ್ಲಿ ಬರುತ್ತದೆ. ನಮ್ಮ ಜನ ನೋವಿಗೆ ಎಷ್ಟು ಹೆಸರುಗಳನ್ನಿಟ್ಟಿದ್ದಾರೆಂಬುದನ್ನು ನೋಡಿ: ಉರಿ, ಸೆಳೆತ, ಚುಚ್ಚು, ಸಿಡಿತ, ಹಿಡಿತ, ನುಲಿತ, ಕಡಿತ, ಜೋಮು, ಬೇನೆ, ಸಂಕಟ. ಹೊಟ್ಟೆ ನುಲಿಯುವುದು ಬೇರೆ, ತೊಳಸುವುದು ಬೇರೆ, ಉಬ್ಬರಿಸುವುದು ಬೇರೆ. ಎದೆ ಹಿಡಿದುಕೊಳ್ಳುವುದೇ ಬೇರೆ, ಎದೆ ಡವಗುಟ್ಟುವುದೇ ಬೇರೆ. ಹಳ್ಳಿಯ ಹೆಂಗಸೊಬ್ಬಳು ‘ಜೀವ ತಲ್ಲಣಿಸುತ್ತದೆ’ ಎಂದರೆ ಅದರಲ್ಲಿ ಹೃದಯದ ಸುದ್ದಿಯೂ ಇರಬಹುದು, ಮನಸ್ಸಿನ ಸುದ್ದಿಯೂ ಇರಬಹುದು, ಮನೆಯ ಸುದ್ದಿಯೂ ಇರಬಹುದು. ಇವೆಲ್ಲವನ್ನೂ ‘ಪೇಯ್ನ್’ ಎಂದೋ ‘ವೀಕ್ನೆಸ್’ ಎಂದೋ ಒಂದೇ ಶಬ್ದದಲ್ಲಿ ಬರೆದುಕೊಂಡರೆ, ಹತ್ತು ಬಣ್ಣದ ನೂಲನ್ನು ಒಂದೇ ಬಣ್ಣದಲ್ಲಿ ಅದ್ದಿದಂತಾಗುತ್ತದೆ.

ಇದಕ್ಕೆ ವಿರುದ್ಧವಾದ ಅಪಾಯವೂ ಉಂಟು. ಈಚೆಗೆ ನಮ್ಮ ಪಟ್ಟಣದ ಜನ ‘ಗ್ಯಾಸು’ ಎಂಬ ಒಂದು ಶಬ್ದವನ್ನು ಹಿಡಿದುಕೊಂಡಿದ್ದಾರೆ. ಹೊಟ್ಟೆ ಉಬ್ಬಿದರೂ ಗ್ಯಾಸು, ಬೆನ್ನು ಹಿಡಿದರೂ ಗ್ಯಾಸು, ಎದೆ ಬಿಗಿದು ಬೆವರಿಳಿದರೂ ಗ್ಯಾಸು. ರೋಗಿಯೇ ನಿರ್ಣಯವನ್ನು ಮಾಡಿಕೊಂಡು ಬಂದು ಹೇಳುತ್ತಾನೆ; ಅವಸರದಲ್ಲಿರುವ ವೈದ್ಯ ಅದನ್ನೇ ಒಪ್ಪಿ ಒಂದು ಗುಳಿಗೆಯನ್ನು ಕೊಡುತ್ತಾನೆ. ಅದು ಹೃದಯದ ನೋವಾಗಿದ್ದರೆ ಮನೆಗೆ ಮುಟ್ಟುವುದರೊಳಗೆ ಕಥೆ ಮುಗಿದಿರುತ್ತದೆ. ಜ್ಞಾಪಕತ್ವವೆಂದರೆ ರೋಗದ ಹೆಸರನ್ನು ಹೇಳುವುದೆಂದು ತಿಳಿಯಬಾರದು. ಎಲ್ಲಿ, ಯಾವಾಗ, ಹೇಗೆ ಎಂಬುದನ್ನು ಹೇಳಬೇಕು. ಹೆಸರಿಡುವ ಕೆಲಸವನ್ನು ವೈದ್ಯನಿಗೆ ಬಿಡಬೇಕು. ಅದಕ್ಕಾಗಿಯೇ ಅವನಿಗೆ ಹಣ ಕೊಡುವುದು.

ಇನ್ನು ‘ಉಷ್ಣ’ ಎಂಬ ಮಾತು. ಇದನ್ನು ಕೇಳಿದೊಡನೆ ನಗುವ ವೈದ್ಯರು ಬಹಳ ಮಂದಿ. ‘ಉಷ್ಣವೂ ಇಲ್ಲ, ಶೀತವೂ ಇಲ್ಲ, ಬರೆದುಕೊಟ್ಟದ್ದನ್ನು ನುಂಗಿ’ ಎಂದು ಕಳುಹಿಸಿಬಿಡುತ್ತಾರೆ. ರೋಗಿ ಎದುರುಮಾತನಾಡದೆ ಹೊರಟುಹೋಗುತ್ತಾನೆ. ಆದರೆ ಅವನು ಒಪ್ಪಿ ಹೋದನೆಂದು ತಿಳಿಯಬೇಡಿ. ಕ್ಷಯರೋಗದ ಚಿಕಿತ್ಸೆಯನ್ನು ತೆಗೆದುಕೊಳ್ಳೋಣ. ಸಾಮಾನ್ಯವಾಗಿ ಆರು ತಿಂಗಳು ತಪ್ಪದೆ ಔಷಧ ಸೇವಿಸಬೇಕು. ಅದರಲ್ಲಿ ರಿಫಾಂಪಿಸಿನ್ ಎಂಬ ಔಷಧವೊಂದುಂಟು. ಅದನ್ನು ಸೇವಿಸಿದವರ ಮೂತ್ರ ಕಿತ್ತಳೆಗೆಂಪಾಗುತ್ತದೆ. ಇದರಿಂದ ಯಾವ ಕೆಡುಕೂ ಇಲ್ಲ. ಆದರೆ ಇದನ್ನು ಮೊದಲೇ ಹೇಳಿರದಿದ್ದರೆ ರೋಗಿ ಏನೆಂದುಕೊಳ್ಳಬೇಕು? ‘ಮಾತ್ರೆ ಬಹಳ ಉಷ್ಣ, ರಕ್ತ ಹೋಗುತ್ತಿದೆ’ ಎಂದುಕೊಂಡು ನಿಲ್ಲಿಸಿಬಿಡುತ್ತಾನೆ. ಎಳನೀರು ಕುಡಿದು ಸಮಾಧಾನಪಡುತ್ತಾನೆ. ನಡುವೆ ನಿಂತ ಚಿಕಿತ್ಸೆಯಿಂದ ರೋಗ ಮತ್ತೆ ತಲೆಯೆತ್ತುತ್ತದೆ. ಮೊದಲಿನ ಔಷಧಕ್ಕೆ ಬಗ್ಗದಂತಾಗುತ್ತದೆ. ಮನೆಯಲ್ಲಿ ಮತ್ತೊಬ್ಬರಿಗೆ ಹರಡುತ್ತದೆ. ‘ನಾಳೆ ಮೂತ್ರ ಕೆಂಪಾಗುತ್ತದೆ, ಹೆದರಬೇಡಿ, ಔಷಧದ ಬಣ್ಣ’ ಎಂದು ಹೇಳುವುದಕ್ಕೆ ಹಿಡಿಯುವ ಕಾಲ ಐದು ಸೆಕೆಂಡು.

ರೋಗಿಯ ಭಾಷೆಯಲ್ಲಿ ಮಾತನಾಡಿದರೆ ವೈದ್ಯನ ಘನತೆಗೆ ಕುಂದೆಂದು ಭಾವಿಸುವವರು ನಮ್ಮ ನಾಡಿನ ಕೆಲವು ಹಿರಿಯರನ್ನು ನೆನೆಯಬೇಕು. ಬೆಂಗಳೂರಿನ ಡಾಕ್ಟರ್ ಎಂ. ಶಿವರಾಂ ಅವರು ವೈದ್ಯರು. ಅವರೇ ‘ರಾಶಿ’ ಎಂಬ ಹೆಸರಿನಲ್ಲಿ 1942ರಲ್ಲಿ ‘ಕೊರವಂಜಿ’ ಎಂಬ ಹಾಸ್ಯಪತ್ರಿಕೆಯನ್ನು ಆರಂಭಿಸಿ ನಾಡನ್ನು ನಗಿಸಿದವರು. ಡಾಕ್ಟರ್ ಅನುಪಮಾ ನಿರಂಜನ ಅವರು ಕಾದಂಬರಿಗಳ ಜೊತೆಗೆ, ಹೆಂಗಸರು ಬಾಯಿಬಿಟ್ಟು ಕೇಳಲು ನಾಚುವ ವಿಷಯಗಳನ್ನು ತಿಳಿಗನ್ನಡದಲ್ಲಿ ಬರೆದು ಮನೆಮನೆಗೆ ಮುಟ್ಟಿಸಿದರು. ಇವರಿಬ್ಬರಿಗೂ ಕನ್ನಡದಲ್ಲಿ ವೈದ್ಯವನ್ನು ಹೇಳಲು ಶಬ್ದಗಳು ಸಾಲದಾದದ್ದನ್ನು ನಾವು ಕಾಣೆವು.

ರೋಗಿಗಳಾದ ನಮ್ಮ ತಪ್ಪುಗಳೂ ಕಡಮೆಯಲ್ಲ. ನಾವು ಸುಳ್ಳು ಹೇಳುತ್ತೇವೆ. ಮಾತ್ರೆಯನ್ನು ಬಿಟ್ಟು ಹದಿನೈದು ದಿನವಾಗಿದ್ದರೂ ‘ತಪ್ಪದೆ ತೆಗೆದುಕೊಳ್ಳುತ್ತಿದ್ದೇನೆ’ ಎನ್ನುತ್ತೇವೆ. ಒಬ್ಬ ವೈದ್ಯರಿಗೆ ತಿಳಿಯದಂತೆ ಇನ್ನೊಬ್ಬರ ಔಷಧವನ್ನು, ಅದರ ಮೇಲೊಂದು ನಾಟಿ ಔಷಧವನ್ನು ಸೇವಿಸಿ, ಮೂರನ್ನೂ ಮುಚ್ಚಿಡುತ್ತೇವೆ. ಕುಡಿತವನ್ನಂತೂ ಹೇಳುವುದೇ ಇಲ್ಲ. ಶಸ್ತ್ರಚಿಕಿತ್ಸೆಯ ದಿನ ಬೆಳಗ್ಗೆ ‘ಏನಾದರೂ ಸೇವಿಸಿದ್ದೀರಾ?’ ಎಂದು ಕೇಳಿದರೆ ‘ಏನೂ ಇಲ್ಲ’ ಎಂದು ಗಂಭೀರವಾಗಿ ಹೇಳುವ ನಮ್ಮ ಕಡೆಯವರು, ಬೆಳಗಿನ ಜಾವ ಒಂದು ಲೋಟ ಕಾಫಿಯನ್ನು ಕುಡಿದೇ ಬಂದಿರುತ್ತಾರೆ. ಅವರ ದೃಷ್ಟಿಯಲ್ಲಿ ಅದು ಸುಳ್ಳಲ್ಲ; ಕಾಫಿ ಆಹಾರದ ಲೆಕ್ಕಕ್ಕೆ ಬಂದದ್ದು ಯಾವಾಗ? ಆದರೆ ಹಾಲು ಬೆರೆಸಿದ ಕಾಫಿಯನ್ನು ಕುಡಿದು ಆರು ಗಂಟೆಯಾದರೂ ಕಳೆಯದೆ ಮೂರ್ಛೆಯ ಔಷಧವನ್ನು ಕೊಟ್ಟರೆ, ಹೊಟ್ಟೆಯಲ್ಲಿರುವುದು ಶ್ವಾಸಕೋಶಕ್ಕೆ ಇಳಿದು ಪ್ರಾಣಕ್ಕೇ ಬರಬಹುದು. ಇಲ್ಲಿ ವೈದ್ಯ ಕೇಳಿದ್ದಾನೆ, ರೋಗಿ ಉತ್ತರ ಕೊಟ್ಟಿದ್ದಾನೆ, ಇಬ್ಬರೂ ತಿಳಿದವರೇ. ಆದರೂ ಒಬ್ಬರ ಮಾತು ಇನ್ನೊಬ್ಬರಿಗೆ ಮುಟ್ಟಿಲ್ಲ. ‘ಕಾಫಿ ಕುಡಿದಿರಾ?’ ಎಂದು ಕೇಳುವ ವೈದ್ಯ ಈ ನಾಡನ್ನು ಬಲ್ಲವನು.

ರೋಗಿ ಸತ್ತನೆಂದು ಅವನ ಕಡೆಯವರು ವೈದ್ಯನ ಮೇಲೆ ಕೈಮಾಡುವ ಕಾಲವೂ ಬಂದಿದೆ. ಅದನ್ನು ತಡೆಯಲು ಕರ್ನಾಟಕದಲ್ಲಿ 2009ರಲ್ಲಿ ಒಂದು ಕಾನೂನನ್ನೇ ಮಾಡಬೇಕಾಯಿತು. ಇದಕ್ಕಿಂತ ಹೆಚ್ಚಾಗಿ ಈ ನಾಚಿಕೆಯ ವಿಷಯದಲ್ಲಿ ನಾವು ಹೇಳಲಾರೆವು.

ಈಗ ನಮ್ಮ ಮನೆಯ ಒಂದು ಸಂಗತಿಯನ್ನು ಹೇಳಬೇಕಾಗಿದೆ. ಹೇಳಬೇಕೋ ಬೇಡವೋ ಎಂದು ಬಹಳ ಯೋಚಿಸಿ, ಕೊನೆಗೆ ಹೇಳುವುದೆಂದು ನಿಶ್ಚಯಿಸಿದೆವು. ನಮ್ಮ ತಂದೆಯವರು ತಾಲ್ಲೂಕು ಕಚೇರಿಯಲ್ಲಿ ಶಿರಸ್ತೇದಾರರಾಗಿದ್ದು ನಿವೃತ್ತರಾದವರು. 2011ರಲ್ಲಿ ಅವರಿಗೆ ಅನ್ನ ನುಂಗುವುದು ಕಷ್ಟವಾಗತೊಡಗಿತು. ಒಂದು ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಪರೀಕ್ಷೆಗಳಾದ ಮೇಲೆ ವೈದ್ಯರು ನಮ್ಮನ್ನು ಹೊರಗಿನ ಓಣಿಗೆ ಕರೆದು, ಇಂಗ್ಲಿಷಿನಲ್ಲಿ, ತಗ್ಗಿದ ದನಿಯಲ್ಲಿ, ಇದು ಅನ್ನನಾಳದ ಕ್ಯಾನ್ಸರ್, ಬಹಳ ಮುಂದುವರಿದಿದೆ ಎಂದರು. ಮುದುಕರಿಗೆ ಹೇಳುವುದು ಬೇಡ, ಧೈರ್ಯಗೆಡುತ್ತಾರೆ ಎಂದೂ ಅವರೇ ಹೇಳಿದರು. ನಾವು ಕೂಡಲೆ ಒಪ್ಪಿದೆವು. ಸತ್ಯವನ್ನು ಹೇಳಿದರೆ, ನಮ್ಮ ದುಃಖವನ್ನು ಅವರ ಮುಂದೆ ತೋರಿಸಬೇಕಾಗುತ್ತಿತ್ತು. ‘ಗಂಟಲಿನ ಕೆಳಗೆ ಒಂದು ಹುಣ್ಣಾಗಿದೆಯಂತೆ, ನಿಧಾನವಾಗಿ ವಾಸಿಯಾಗುತ್ತದಂತೆ’ ಎಂದು ತಂದೆಯವರಿಗೆ ಹೇಳಿದೆವು. ಅವರು ತಲೆಯಾಡಿಸಿದರು.

ಅವರಿಗೆ ಇಪ್ಪತ್ತು ವರ್ಷದ ಸಕ್ಕರೆ ಖಾಯಿಲೆ. ಮದುವೆಯ ಮನೆಯಲ್ಲಿಯೂ ಒಂದು ಚೂರು ಸಿಹಿಯನ್ನು ಮುಟ್ಟಿದವರಲ್ಲ. ಮನೆಗೆ ಹೊರಡುವ ದಿನ ಅವರು ಪದ್ಧತಿಯಂತೆ ‘ಪಥ್ಯವೇನು, ಡಾಕ್ಟರೆ?’ ಎಂದು ಕೇಳಿದರು. ವೈದ್ಯರು ಒಳ್ಳೆಯವರು, ದಯೆಯಿಂದಲೇ ಅವರ ಭುಜದ ಮೇಲೆ ಕೈಯಿಟ್ಟು, ‘ಇನ್ನು ಪಥ್ಯಗಿಥ್ಯವೇನೂ ಬೇಡ, ಯಜಮಾನರೆ. ಏನು ಇಷ್ಟವೋ ಅದನ್ನು ತೆಗೆದುಕೊಳ್ಳಿ’ ಎಂದರು.

ನಮ್ಮ ಸೀಮೆಯಲ್ಲಿ ಈ ಮಾತಿಗೆ ಏನರ್ಥವೆಂಬುದು ಆ ವೈದ್ಯರಿಗೆ ತಿಳಿದಿರಲಿಲ್ಲ. ಗುಣವಾಗದ ರೋಗಿಗೆ ವೈದ್ಯನು ಪಥ್ಯವನ್ನು ಬಿಡಿಸಿದನೆಂದರೆ ಕೈಬಿಟ್ಟನೆಂದೇ ಅರ್ಥ. ಹಳೆಯ ಕಾಲದ ಪಂಡಿತರು ಅಂತಹ ಮನೆಗಳಲ್ಲಿ ಹೇಳುತ್ತಿದ್ದದ್ದು ಅದೊಂದೇ ಮಾತು. ಅದನ್ನು ಕೇಳಿದ ಹೆಂಗಸರು ಅಡಿಗೆಯ ಮನೆಗೆ ಹೋಗಿ ಸೆರಗಿನಲ್ಲಿ ಕಣ್ಣೊರಸಿಕೊಳ್ಳುತ್ತಿದ್ದರು. ಅಂದು ಸಂಜೆ ನಮ್ಮ ತಾಯಿಯವರು ಶ್ಯಾವಿಗೆಯ ಪಾಯಸವನ್ನು ತೆಳ್ಳಗೆ ಮಾಡಿ ಕೊಟ್ಟರು. ತಂದೆಯವರು ಎರಡು ಚಮಚ ಕುಡಿದು, ‘ಇಪ್ಪತ್ತು ವರ್ಷ ಬಿಡಿಸಿದ್ದ ಸಕ್ಕರೆಯನ್ನು ಈಗ ಕೊಡಿಸಿದರು’ ಎಂದಷ್ಟೇ ಹೇಳಿ ಲೋಟವನ್ನು ಕೆಳಗಿಟ್ಟರು. ನಾವು ಅದನ್ನು ವಿನೋದವೆಂದು ತಿಳಿದೆವು.

ತೀರ್ಥಹಳ್ಳಿಯಲ್ಲಿದ್ದ ನಮ್ಮ ಚಿಕ್ಕಪ್ಪನವರಿಗೂ ತಂದೆಯವರಿಗೂ ಪಾಲಿನ ವಿಷಯದಲ್ಲಿ ಮನಸ್ಸು ಮುರಿದು ಹನ್ನೊಂದು ವರ್ಷ ಮಾತಿರಲಿಲ್ಲ. ಒಂದು ದಿನ ತಂದೆಯವರು ಗೋಡೆಯ ಕಡೆ ನೋಡುತ್ತ, ‘ನಿನ್ನ ಚಿಕ್ಕಪ್ಪನಿಗೆ ಒಂದು ಕಾಗದ ಹಾಕೋಣವೇನು?’ ಎಂದರು. ನಾವು ಸುಳ್ಳನ್ನು ಕಾಪಾಡಿಕೊಳ್ಳುವ ಉತ್ಸಾಹದಲ್ಲಿ, ‘ಈಗೇನು ಅವಸರ? ನೀವು ಹುಷಾರಾದ ಮೇಲೆ ನೀವೇ ಹೋಗಿ ಬರಬಹುದಲ್ಲ’ ಎಂದೆವು. ಅವರು ‘ಅದೂ ಸರಿಯೇ’ ಎಂದರು. ಮತ್ತೆ ಆ ಮಾತನ್ನು ಎತ್ತಲಿಲ್ಲ. ಚಿಕ್ಕಪ್ಪನವರು ಬಂದದ್ದು ತಂದೆಯವರು ತೀರಿಕೊಂಡ ಎರಡನೆಯ ದಿನ. ಪಾಯಸದ ದಿನವೇ ಅವರಿಗೆ ಎಲ್ಲವೂ ತಿಳಿದಿತ್ತೆಂದು ತಾಯಿಯವರು ನಮಗೆ ಹೇಳಿದ್ದು ಆಮೇಲೆ. ತಾಯಿಯವರಿಗೂ ತಿಳಿದಿತ್ತು. ಒಂದೇ ಮನೆಯಲ್ಲಿ ಮೂವರು ಒಂದೇ ವಿಷಯವನ್ನು ತಿಳಿದುಕೊಂಡು, ಒಬ್ಬರಿಗೊಬ್ಬರು ಹೇಳದೆ ಮೂರು ತಿಂಗಳು ಕಳೆದಿದ್ದೆವು.

ಟಾಲ್‌ಸ್ಟಾಯ್ ಅವರು 1886ರಲ್ಲಿ ಪ್ರಕಟಿಸಿದ ‘ಇವಾನ್ ಇಲಿಚನ ಸಾವು’ ಎಂಬ ಕಥೆಯನ್ನು ನಾವು ತರಗತಿಯಲ್ಲಿ ಹಲವು ಸಲ ಪಾಠಹೇಳಿದ್ದೇವೆ. ಅದರ ನಾಯಕ ಒಬ್ಬ ನ್ಯಾಯಾಧಿಕಾರಿ. ತಾನು ಆಪಾದಿತರ ಮುಂದೆ ಹಾಕಿಕೊಳ್ಳುತ್ತಿದ್ದ ಗಾಂಭೀರ್ಯದ ಮುಖವನ್ನೇ ವೈದ್ಯನು ತನ್ನ ಮುಂದೆ ಹಾಕಿಕೊಂಡಿರುವುದನ್ನು ಅವನು ಕಾಣುತ್ತಾನೆ. ನೋವಿಗಿಂತ ಹೆಚ್ಚಾಗಿ ಅವನನ್ನು ಕಾಡುವುದು ಸುತ್ತಲಿನವರ ಸುಳ್ಳು. ಗೆರಾಸಿಮ್ ಎಂಬ ಆಳು ಮಗನೊಬ್ಬನು ಮಾತ್ರ ನಟಿಸುವುದಿಲ್ಲ. ಅವನ ಜೊತೆಯಲ್ಲಿ ಮಾತ್ರ ರೋಗಿಗೆ ನೆಮ್ಮದಿ. ಇಷ್ಟನ್ನೆಲ್ಲ ವಿದ್ಯಾರ್ಥಿಗಳಿಗೆ ವಿವರಿಸಿ ಮನೆಗೆ ಬಂದು ನಾವು ತಂದೆಯವರ ಮುಂದೆ ನಟಿಸುತ್ತಿದ್ದೆವು. ಓದಿದ್ದು ಬೇಕಾದ ಹೊತ್ತಿಗೆ ಕೈಗೆ ಸಿಕ್ಕುವುದು ಅಪರೂಪ.

ಹೇಳಬಾರದೆಂಬ ಪಕ್ಷಕ್ಕೆ ಆಧಾರವಿಲ್ಲವೆಂದಲ್ಲ. ರೋಗಿಯ ಆಯುಸ್ಸು ಕ್ಷೀಣಿಸಿದೆಯೆಂದು ತಿಳಿದಿದ್ದರೂ, ಹೇಳಿದರೆ ಅವನಿಗಾಗಲಿ ಇತರರಿಗಾಗಲಿ ಆಘಾತವಾಗುವ ಕಡೆ ಹೇಳಬಾರದೆಂದು ಚರಕಸಂಹಿತೆಯ ವಿಮಾನಸ್ಥಾನದಲ್ಲಿ ಗುರುವು ಶಿಷ್ಯನಿಗೆ ಉಪದೇಶಿಸುತ್ತಾನೆ. ಪಶ್ಚಿಮದವರೂ ಬಹುಕಾಲ ಹೀಗೆಯೇ ನಡೆದರು. 1961ರಲ್ಲಿ ಅಮೆರಿಕದ ಷಿಕಾಗೋ ನಗರದ ವೈದ್ಯರನ್ನು ಕೇಳಿದಾಗ, ಕ್ಯಾನ್ಸರ್ ಎಂದು ರೋಗಿಗೆ ಹೇಳದಿರುವುದೇ ತಮ್ಮ ಪದ್ಧತಿಯೆಂದವರು 100ಕ್ಕೆ ಸುಮಾರು 90 ಮಂದಿ. ಅದೇ ಪ್ರಶ್ನೆಗಳನ್ನು 1979ರಲ್ಲಿ ಪ್ರಕಟವಾದ ಇನ್ನೊಂದು ಪರಿಶೀಲನೆಯಲ್ಲಿ ಅದೇ ದೇಶದ ವೈದ್ಯರಿಗೆ ಹಾಕಿದಾಗ 100ಕ್ಕೆ 97 ಮಂದಿ ಹೇಳುವುದೇ ಸರಿಯೆಂದರು. ಹದಿನೆಂಟು ವರ್ಷಗಳಲ್ಲಿ ರೋಗಿಗಳ ಸ್ವಭಾವ ಅಷ್ಟು ಬದಲಾಯಿತೆಂದು ನಾವು ನಂಬಲಾರೆವು. ಔಷಧಗಳು ಹೆಚ್ಚಿದವು, ವೈದ್ಯರ ಮನಸ್ಸು ಬದಲಾಯಿತು.

ನಮ್ಮ ಅಭಿಪ್ರಾಯವೇನೆಂದರೆ, ಚರಕನ ಮಾತಿನಲ್ಲಿಯೇ ಒಂದು ಬಾಗಿಲು ತೆರೆದಿದೆ. ‘ಆಘಾತವಾಗುವ ಕಡೆ’ ಎಂದು ಅವನು ಹೇಳಿದ್ದಾನೆಯೇ ಹೊರತು ‘ಎಲ್ಲ ಕಡೆ’ ಎಂದು ಹೇಳಿಲ್ಲ. ಯಾರಿಗೆ ಆಘಾತವಾದೀತು, ಯಾರಿಗೆ ಆಗದೆಂಬುದನ್ನು ತಿಳಿಯಬೇಕಾದರೆ ರೋಗಿಯನ್ನೇ ಕೇಳಬೇಕು: ‘ನಿಮ್ಮ ಖಾಯಿಲೆಯ ವಿವರವನ್ನೆಲ್ಲ ನಿಮಗೇ ಹೇಳಲೋ, ಮಗನಿಗೆ ಹೇಳಲೋ?’ ಕೆಲವರು ‘ಅವನಿಗೇ ಹೇಳಿಬಿಡಿ’ ಎನ್ನುತ್ತಾರೆ. ಅದೂ ಅವರ ಹಕ್ಕು. ನಮ್ಮ ತಂದೆಯವರು ಏನೆನ್ನುತ್ತಿದ್ದರೋ ಯಾರೂ ಕೇಳಲಿಲ್ಲ.

ಕಾನೂನು ಈ ವಿಷಯದಲ್ಲಿ ನಮಗಿಂತ ಮುಂದೆ ಹೋಗಿದೆ. ಹಣ ಪಡೆದು ಮಾಡುವ ಚಿಕಿತ್ಸೆ ಗ್ರಾಹಕರ ಕಾನೂನಿಗೆ ಒಳಪಡುತ್ತದೆಂದು ಸುಪ್ರೀಂ ಕೋರ್ಟು 1995ರಲ್ಲಿ ತೀರ್ಮಾನಿಸಿತು. ರೋಗಿ ಕೇಳಿದರೆ ಅವನ ದಾಖಲೆಗಳನ್ನು 72 ಗಂಟೆಗಳೊಳಗೆ ಕೊಡಬೇಕೆಂಬ ನಿಯಮ 2002ರಲ್ಲಿ ಬಂದಿತು. 2008ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾದ ಮೊಕದ್ದಮೆಯೊಂದನ್ನು ಎಲ್ಲರೂ ತಿಳಿದಿರುವುದು ಒಳ್ಳೆಯದು. ದೆಹಲಿಯಲ್ಲಿ ನಲವತ್ತನಾಲ್ಕು ವರ್ಷದ ಮಹಿಳೆಯೊಬ್ಬರು ಹೊಟ್ಟೆಯೊಳಗನ್ನು ಕೊಳವೆಯ ಮೂಲಕ ಪರೀಕ್ಷಿಸುವುದಕ್ಕೆ ಸಮ್ಮತಿಸಿದ್ದರು. ಅವರು ಮೂರ್ಛೆಯಲ್ಲಿದ್ದಾಗ ವೈದ್ಯರು ಹೊರಗೆ ಬಂದು, ಅವರ ತಾಯಿಯ ಒಪ್ಪಿಗೆ ಪಡೆದು, ಗರ್ಭಕೋಶವನ್ನೂ ಅಂಡಾಶಯಗಳನ್ನೂ ತೆಗೆದುಬಿಟ್ಟರು. ಪ್ರಾಯಕ್ಕೆ ಬಂದ ರೋಗಿಯ ಪರವಾಗಿ, ಪ್ರಾಣಾಪಾಯವಿಲ್ಲದಾಗ, ತಾಯಿಯ ಸಮ್ಮತಿ ಸಮ್ಮತಿಯಾಗದೆಂದು ನ್ಯಾಯಾಲಯ ಹೇಳಿತು. ನಮ್ಮಲ್ಲಿ ಹೆಂಗಸರ ಖಾಯಿಲೆಯನ್ನು ಗಂಡನೋ ಅತ್ತೆಯೋ ವಿವರಿಸುವುದು, ಅವರ ಪರವಾಗಿ ರುಜು ಹಾಕುವುದು ಎಷ್ಟು ಸಹಜವಾಗಿಬಿಟ್ಟಿದೆಯೆಂದರೆ ಈ ತೀರ್ಪನ್ನು ಓದಿ ನಾವೇ ಬೆಚ್ಚಿದೆವು.

ಆದರೆ ಕಾನೂನು ರುಜುವನ್ನು ಹಾಕಿಸಬಲ್ಲದು, ಮಾತನ್ನಾಡಿಸಲಾರದು. ನಾಲ್ಕು ಪುಟದ ಇಂಗ್ಲಿಷ್ ಒಪ್ಪಿಗೆಯ ಪತ್ರವನ್ನು ದಾದಿ ಮುಂದಕ್ಕೆ ತಳ್ಳಿ, ‘ಇಲ್ಲಿ, ಇಲ್ಲಿ, ಇಲ್ಲಿ’ ಎಂದು ಬೆರಳಿಡುತ್ತಾಳೆ. ಎಂ.ಎ. ಓದಿದ ನಾವೂ ಅದನ್ನು ಓದದೆಯೇ ರುಜು ಹಾಕಿದ್ದೇವೆ.

ಈಗ ನಮಗೆ ಕೊಟ್ಟಿರುವ ಕಾಲದಲ್ಲಿ ಕೆಲವೇ ನಿಮಿಷಗಳು ಉಳಿದಿವೆ. ನಮ್ಮ ಸೋದರತ್ತೆಯೊಬ್ಬರಿದ್ದಾರೆ. ಎಪ್ಪತ್ತು ದಾಟಿದವರು, ಚಿಕ್ಕ ವಯಸ್ಸಿನಲ್ಲಿಯೇ ಗಂಡನನ್ನು ಕಳೆದುಕೊಂಡವರು, ಮಡಿವಂತರು. ಅವರಿಗೂ ಸಕ್ಕರೆ ಖಾಯಿಲೆ. ದಿನಕ್ಕೆರಡು ಮಾತ್ರೆ, ಊಟವಾದ ಮೇಲೆ, ಎಂದು ಪಟ್ಟಣದ ಒಬ್ಬ ವೈದ್ಯರು ಬರೆದುಕೊಟ್ಟಿದ್ದರು. ಸಕ್ಕರೆ ಇಳಿಯಲಿಲ್ಲ. ಎರಡನೆಯವರು ಮಾತ್ರೆಯ ಬಲವನ್ನು ಹೆಚ್ಚಿಸಿದರು. ಆಗಲೂ ಇಳಿಯಲಿಲ್ಲ. ಮೂರನೆಯವರು ಇನ್ನೊಂದು ಮಾತ್ರೆಯನ್ನು ಸೇರಿಸಿ, ‘ಸಿಹಿ ತಿನ್ನುತ್ತೀರಿ’ ಎಂದು ಗದರಿಸಿದರು. ಅತ್ತೆಯವರು ಅತ್ತುಬಿಟ್ಟರು.

ಆಮೇಲೆ ಅವರನ್ನು ತಾಲ್ಲೂಕು ಊರಿನಲ್ಲಿ ಹೊಸದಾಗಿ ದವಾಖಾನೆ ಇಟ್ಟಿದ್ದ ಒಬ್ಬ ತರುಣ ವೈದ್ಯರ ಬಳಿಗೆ ಕರೆದುಕೊಂಡು ಹೋದೆವು. ಆತ ಹಳೆಯ ಚೀಟಿಗಳನ್ನೆಲ್ಲ ನೋಡಿ ಪಕ್ಕಕ್ಕಿಟ್ಟು, ‘ಅಜ್ಜಿ, ಈ ಮಾತ್ರೆಯನ್ನು ಹೇಗೆ ತೆಗೆದುಕೊಳ್ಳುತ್ತೀರಿ, ನನಗೆ ಸ್ವಲ್ಪ ಹೇಳಿ’ ಎಂದು ಕೇಳಿದರು.

‘ಊಟವಾದ ಮೇಲೆ ತೆಗೆದುಕೊಳ್ಳುತ್ತೇನಪ್ಪ. ಒಂದು ದಿನವೂ ತಪ್ಪಿಸಿಲ್ಲ.’

‘ಎಷ್ಟು ಹೊತ್ತಿಗೆ?’

‘ಮಧ್ಯಾಹ್ನ, ಎಲೆಯಿಂದ ಎದ್ದ ಮೇಲೆ.’

‘ರಾತ್ರಿಯದು?’

‘ರಾತ್ರಿ ನನಗೆ ಊಟವೆಲ್ಲಿ ಬಂತು? ನಾನು ಒಪ್ಪೊತ್ತಿನವಳಲ್ಲವೆ? ರಾತ್ರಿ ಒಂದಿಷ್ಟು ಅವಲಕ್ಕಿಯೋ ಉಪ್ಪಿಟ್ಟೋ, ಫಲಾಹಾರ. ಊಟವಾದ ಮೇಲೆ ಎಂದು ಬರೆದಿದ್ದಾರಲ್ಲ, ಸುಳ್ಳು ಹೇಳಿ ಮಾತ್ರೆ ನುಂಗಲೇ?’

ಆತ ನಗಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಏಕಾದಶಿಯ ದಿನ?’ ಎಂದು ಕೇಳಿದರು.

‘ಅಂದು ಊಟವೂ ಇಲ್ಲ, ಮಾತ್ರೆಯೂ ಇಲ್ಲ. ನೀರೂ ಇಲ್ಲ.’

ಆಮೇಲೆ ಅವರಿಬ್ಬರಿಗೂ ಏಕಾದಶಿಯ ವಿಷಯದಲ್ಲಿ ಒಂದು ರಾಜಿ ನಡೆಯಿತು. ಹಾಲು ಹಣ್ಣಿಗೆ ದೋಷವಿಲ್ಲವೆಂದು ಆತ ತಮ್ಮ ಅಜ್ಜಿಯ ಸಾಕ್ಷ್ಯವನ್ನು ತಂದರು; ಅತ್ತೆಯವರು ತಮ್ಮ ಗುರುಗಳನ್ನು ಕೇಳಿ ಹೇಳುತ್ತೇನೆಂದರು, ಕೊನೆಗೆ ಒಪ್ಪಿದರು. ಹೊರಗೆ ಎಂಟು ಹತ್ತು ಮಂದಿ ಕಾಯುತ್ತಿದ್ದರು. ಎರಡನೆಯವರೂ ಮೂರನೆಯವರೂ ಹೆಚ್ಚಿಸಿದ್ದನ್ನೆಲ್ಲ ಹೊಡೆದುಹಾಕಿ, ಮೊದಲಿನ ಮಾತ್ರೆಯನ್ನೇ ಉಳಿಸಿ, ಆ ತರುಣ ಹೊಸ ಚೀಟಿಯ ಮೇಲೆ ದೊಡ್ಡ ಕನ್ನಡ ಅಕ್ಷರಗಳಲ್ಲಿ ಬರೆದರು: ಮಧ್ಯಾಹ್ನ ಊಟವಾದ ಮೇಲೆ ಒಂದು, ರಾತ್ರಿ ಫಲಾಹಾರವಾದ ಮೇಲೆ ಒಂದು, ಏಕಾದಶಿ ಹಾಲು ಹಣ್ಣಾದ ಮೇಲೆ ಒಂದು. ಅತ್ತೆಯವರು ಕನ್ನಡಕವನ್ನು ಹಾಕಿಕೊಂಡು ಅದನ್ನು ಅಲ್ಲಿಯೇ ಗಟ್ಟಿಯಾಗಿ ಓದಿ, ಮಡಿಸಿ, ಸೆರಗಿನ ತುದಿಗೆ ಗಂಟುಹಾಕಿಕೊಂಡರು.